ಘಟ್ಟ ಹತ್ತುವ ಅಳಿಯನ ಮೊದಲ ದೀಪಾವಳಿ

ನಮ್ಮನೆಯವರಿಗೆ ಭದ್ರಾವತಿಯ ಕಾರ್ಖಾನೆಯವರು ಸಂಬಳ ಕೊಡುತ್ತಿದ್ದದ್ದು ಸೈಕಲ್ ಹೊಡೆಯುವುದಕ್ಕೆ. ಇಷ್ಟು ಸಣ್ಣ ವಿಷಯವನ್ನು ನಮ್ಮಮ್ಮನ ತಲೆಗೆ ಹಾಕುವಷ್ಟರಲ್ಲಿ ನನಗೆ ಸಾಕುಬೇಕಾಗಿತ್ತು. ಸಂಬಂಧ ತಂದವರು ಶಿವಮೊಗ್ಗದ ನಮ್ಮ ಮನೆಯ ಜಗಲಿಯಲ್ಲಿ ಕೂತು, "ಹುಡುಗ ಸೈಕಲ್ ರೇಸಿನಲ್ಲಿದ್ದಾನೆ" ಅಂದರು. ಅಮ್ಮ, "ರೇಸು ಸರಿ, ಆಡಲಿ ಬಿಡಿ. ಕೆಲಸ ಏನು?" ಅಂದಳು. "ಅದೇ ಕೆಲಸ ಅಮ್ಮ." "ಅಲ್ಲಪ್ಪ, ಸೈಕಲ್ಲಿನಲ್ಲಿ ಎಲ್ಲಿಗೆ ಹೋಗಿ ಏನು ತಲುಪಿಸಬೇಕು?" ಬಾಗಿಲ ಹಿಂದೆ ನಿಂತಿದ್ದ ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡಿದ್ದೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಆಗ ಕಾರ್ಖಾನೆಗಳು ಆಟಗಾರರನ್ನು ಸಾಕುತ್ತಿದ್ದವು. ಫುಟ್‌ಬಾಲಿನವರು, ಕಬಡ್ಡಿಯವರು, ಅವರ ಜೊತೆಗೆ ಒಂದಿಷ್ಟು ಜನ ಸೈಕಲ್ಲಿನವರು. ನಮ್ಮನೆಯವರು ಬೆಳಗ್ಗೆಯೆಲ್ಲ ರಸ್ತೆಯಲ್ಲಿರುತ್ತಿದ್ದರು, ಮಧ್ಯಾಹ್ನದ ಮೇಲೆ ಉಗ್ರಾಣದಲ್ಲಿ ಕೂತು ಸಾಮಾನು ಎಣಿಸುತ್ತಿದ್ದರು. ಸಮ ರಸ್ತೆಯಲ್ಲಿ ಅವರದೇನೂ ಹೆಚ್ಚುಗಾರಿಕೆಯಿಲ್ಲ. ಶಿವಮೊಗ್ಗ–ಭದ್ರಾವತಿ ರಸ್ತೆಯಲ್ಲಿ ಪೋಸ್ಟ್‌ಮ್ಯಾನ್ ಕೂಡ ಅವರನ್ನು ಹಿಂದೆ ಹಾಕಿಬಿಡುತ್ತಾನೆ ಅಂತ ನಾನೇ ಚುಡಾಯಿಸುತ್ತಿದ್ದೆ. ಆದರೆ ಏರು ಬಂತೋ, ಆ ಮನುಷ್ಯನೇ ಬೇರೆ. ಬಾಕಿಯವರು ಇಳಿದು ತಳ್ಳುವ ಕಡೆ ಇವರು ಸೀಟಿನಿಂದೆದ್ದು ನಿಂತು, ಸದ್ದಿಲ್ಲದೆ, ಮೆಟ್ಟಿಲು ಹತ್ತಿದ ಹಾಗೆ ಹತ್ತಿಬಿಡುತ್ತಿದ್ದರು. ಘಟ್ಟದ ರೇಸು ಅಂದರೆ ಸುತ್ತಲ ಜಿಲ್ಲೆಗಳಲ್ಲೆಲ್ಲ ಇವರ ಮಾತೇ.

ಅದಕ್ಕೆ ಕಾರಣ ಅವರ ಮೈ. ಕೋಲಿಗೆ ಅಂಗಿ ತೊಡಿಸಿದ ಹಾಗಿದ್ದರು. ಧಾರೆಯ ದಿನ ನಮ್ಮ ಕಡೆ ಹೆಂಗಸರು, "ಗಂಡಿಗೆ ಏನಾದರೂ ಕಾಯಿಲೆಯೇನೇ?" ಅಂತ ಅಮ್ಮನನ್ನು ಕೇಳಿದ್ದರಂತೆ. ಅಮ್ಮ ಅವಮಾನದಿಂದ ಕುಗ್ಗಿಹೋಗಿದ್ದಳು. ಆ ಕ್ಷಣವೇ ಅವಳು ತೀರ್ಮಾನ ಮಾಡಿರಬೇಕು, ಈ ಅಳಿಯನ ಪಕ್ಕೆಲುಬು ಕಾಣದ ಹಾಗೆ ಮಾಡುವುದು ತನ್ನ ಹೊಣೆ ಅಂತ.

ಇವರು ತಾಯಿಯಿಲ್ಲದ ಮಗು. ಆಯನೂರಿನಲ್ಲಿ ಚಿಕ್ಕಪ್ಪನ ಮನೆಯಲ್ಲಿ ಬೆಳೆದವರು. ಆ ಮನೆಯವರು ಕೆಟ್ಟವರೇನಲ್ಲ, ಹೊಡೆದು ಬಡಿದು ಮಾಡಲಿಲ್ಲ. ಆದರೆ ಅಲ್ಲಿ ಇವರ ಊಟ ಎಲ್ಲರದೂ ಆದಮೇಲೆ. ತಟ್ಟೆಗೆ ಬಿದ್ದಿದ್ದನ್ನು ತಿಂದು ಏಳಬೇಕು, ಇನ್ನೊಂಚೂರು ಹಾಕಲಾ ಅಂತ ಕೇಳುವವರಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡು ಆಯನೂರಿನಿಂದ ಶಿವಮೊಗ್ಗಕ್ಕೆ ದಿನಾ ಸೈಕಲ್ ತುಳಿದೇ ಕಾಲು ಗಟ್ಟಿಯಾದದ್ದು.

ಹಾಗೆ ತುಳಿಯುವಾಗಲೇ ಇವರನ್ನು ಕಂಡುಹಿಡಿದವರು ನಮ್ಮ ಬೀದಿಯ ಕೊನೆಯಲ್ಲಿ ಸೈಕಲ್ ಶಾಪ್ ಇಟ್ಟಿದ್ದ ಸಾಬರು. ಇವರಿಗೆ ಗುರುವೂ ಅವರೇ, ಮೆಕ್ಯಾನಿಕ್ಕೂ ಅವರೇ. ಘಟ್ಟ ಹತ್ತುವವನ ಮೈಮೇಲೆ, ಗಾಡಿಯ ಮೇಲೆ ಚೂರೂ ಹೆಚ್ಚಿನ ಭಾರ ಇರಬಾರದು ಅನ್ನುವುದು ಅವರ ಹಟ. ರೇಸಿನ ಸೈಕಲ್ಲಿಂದ ಮಡ್‌ಗಾರ್ಡು, ಕ್ಯಾರಿಯರ್ರು, ಸ್ಟ್ಯಾಂಡು, ಚೈನ್ ಕವರು ಎಲ್ಲ ಬಿಚ್ಚಿ ಹಾಕಿದ್ದರು. ಬೆಲ್ಲನ್ನೂ ಬಿಡಲಿಲ್ಲ. "ಘಟ್ಟದಲ್ಲಿ ಯಾರಿಗೆ ಬೆಲ್ ಹೊಡೀತೀಯ, ಮಂಗಗಳಿಗಾ?" ಅಂದಿದ್ದರು. ರೇಸು ಹತ್ತಿರ ಬಂದಾಗ ಇವರನ್ನು ಅಡಿಕೆ ಮಂಡಿಗೆ ಕರೆದುಕೊಂಡು ಹೋಗಿ ಮೂಟೆ ತೂಗುವ ತಕ್ಕಡಿಯ ಮೇಲೆ ಕೂರಿಸುತ್ತಿದ್ದರು. "ಈ ಮೂಟೆಗೆ ಏನು ರೇಟು ಸಾಬ್ರೇ?" ಅಂತ ಹಮಾಲಿಗಳು ಕೇಳಿದರೆ, "ಇದು ಮಾರೋ ಮಾಲಲ್ಲ ಹೋಗ್ರೋ" ಅನ್ನುತ್ತಿದ್ದರು.

ನಮ್ಮ ಮದುವೆಯಾದ ವರ್ಷ, ದೀಪಾವಳಿ ಮುಗಿದ ಭಾನುವಾರ, ಕೆಮ್ಮಣ್ಣುಗುಂಡಿ ಘಟ್ಟದ ರೇಸು ಗೊತ್ತಾಯಿತು. ಅಂಥಿಂಥ ರೇಸಲ್ಲ. ಅಲ್ಲಿ ಮೊದಲು ಬಂದವನನ್ನು ರಾಜ್ಯದ ತಂಡಕ್ಕೆ ತೆಗೆದುಕೊಂಡು ಉತ್ತರ ಭಾರತದ ಕಡೆ ಬೆಟ್ಟದ ರೇಸಿಗೆ ಕಳಿಸುತ್ತಾರೆ. ಕಾರ್ಖಾನೆಯಲ್ಲೂ ಇವರಿಗೆ ಮೊದಲೇ ಹೇಳಿದ್ದರು, ತಂಡಕ್ಕೆ ಸೇರಿದರೆ ಆಟಗಾರನ ಜಾಗ ಕಾಯಂ, ಇಲ್ಲದಿದ್ದರೆ ಎಲ್ಲರ ಹಾಗೆ ಕುಲುಮೆಯ ಶಿಫ್ಟು. ಅದರಲ್ಲಿ ಅನ್ಯಾಯವೇನಿಲ್ಲ, ಇವರೂ ಒಪ್ಪಿಕೊಂಡಿದ್ದರು. ಒಂದೇ ರೇಸು, ಆ ಕಡೆಯೋ ಈ ಕಡೆಯೋ.

"ಹಬ್ಬಕ್ಕೆ ಒಂದೇ ದಿನ ಹೋಗಿ ಬಂದುಬಿಡೋಣ ಮಾರಾಯ್ತಿ" ಅಂತ ಕೇಳಿಕೊಂಡಿದ್ದರು. ನಾನೂ ಹೂಂ ಅಂದಿದ್ದೆ. ನಾವಿಬ್ಬರು ಒಪ್ಪಿದರೆ ಆಯಿತೇ? ಮೊದಲ ದೀಪಾವಳಿಗೆ ಬಂದ ಅಳಿಯ ಪಾಡ್ಯ ಮುಗಿಸದೆ ಹೊಸಿಲು ದಾಟುವುದುಂಟೇ ಅಂತ ಅಮ್ಮ ಬಾಗಿಲಲ್ಲೇ ಅಡ್ಡ ನಿಂತಳು. ನೀರು ತುಂಬುವ ಹಬ್ಬದಿಂದಲೇ ಶುರು. ಎಣ್ಣೆ ಹಚ್ಚಿ, ಹಂಡೆಗಟ್ಟಲೆ ಬಿಸಿನೀರು ಹುಯ್ದು, ಮೈಯಲ್ಲಿದ್ದ ಬಿಗಿಯೆಲ್ಲ ಇಳಿಸಿ, ಮಣೆ ಹಾಕಿ ಎಲೆ ಮುಂದೆ ಕೂರಿಸಿದರು.

ಹೋಳಿಗೆ, ಅದರ ಮೇಲೆ ತುಪ್ಪ, ಅದು ಸಾಲದು ಅಂತ ಕಾಯಿಹಾಲು. ಮಾರನೇ ದಿನ ಕಡುಬು, ಕಜ್ಜಾಯ. ನಮ್ಮ ಕಡೆ ಅಳಿಯನ ಬಾಯಲ್ಲಿ ಬರುವ "ಸಾಕು" ಅನ್ನುವ ಮಾತನ್ನು ಯಾರೂ ನಂಬುವುದಿಲ್ಲ. ಮೊದಲ ಸಲ ಸಾಕು ಅಂದರೆ ಸಂಕೋಚ, ಎರಡನೇ ಸಲ ಮರ್ಯಾದೆ, ಮೂರನೇ ಸಲ ಅಂದರೆ ಬಡಿಸುವವರ ಕೈ ಬಿಗಿ ಅಂತ ಅರ್ಥ. ಎಲೆಯ ಮೇಲೆ ಅಡ್ಡ ಮಲಗಿದರೂ ಬೆನ್ನಿನ ಮೇಲೆ ಬಡಿಸಿಬಿಡುವ ಜನ ನಾವು. ಇದರ ಮೇಲೆ ಸೋದರಮಾವನ ಮನೆ, ದೊಡ್ಡಪ್ಪನ ಮನೆ, ಅಮ್ಮನ ತಂಗಿಯ ಮನೆ. ಮದುಮಕ್ಕಳು ಊಟಕ್ಕೆ ಹೋಗದ ಮನೆಯವರು ಮುಂದಿನ ಮದುವೆವರೆಗೂ ಮಾತು ಬಿಡುತ್ತಾರೆ. ಎಲ್ಲ ಕಡೆಗೂ ಹೋದೆವು, ಎಲ್ಲ ಕಡೆಯೂ ಅದೇ ಹೋಳಿಗೆ, ಅದೇ ಒತ್ತಾಯ.

ನಾನು ಬಾಯಿ ಮುಚ್ಚಿಕೊಂಡಿರುವವಳಲ್ಲ. ಅಡುಗೆಮನೆಯಲ್ಲಿ ಅಮ್ಮನ ಜೊತೆ ಜಗಳಕ್ಕೇ ನಿಂತೆ. "ಭಾನುವಾರ ಘಟ್ಟ ಹತ್ತಬೇಕು ಕಣಮ್ಮ, ಹೀಗೆ ತುಂಬಿಸಬೇಡ" ಅಂದೆ. ಅಮ್ಮ ಸೌಟು ಎತ್ತಿಕೊಂಡೇ ನನ್ನ ಮೇಲೆ ಬಂದಳು. "ಘಟ್ಟ ಹತ್ತೋಕೆ ಶಕ್ತಿ ಬೇಡವೇನೇ? ಗಾಡಿ ಎತ್ತಿಗೂ ಏರಿಗೆ ಮುಂಚೆ ಹಿಂಡಿ ಇಡ್ತಾರೆ. ಗಂಡನಿಗೆ ಹೊಟ್ಟೆ ತುಂಬ ಬಡಿಸಬೇಡ ಅನ್ನೋ ಹೆಂಡತೀನ ನಾನು ಈಗಲೇ ನೋಡ್ತಿರೋದು!" ಅಂದಳು. ಅವಳ ಲೆಕ್ಕದಲ್ಲಿ ಅವಳು ಹೇಳಿದ್ದು ಸರಿಯೇ.

ಸಿಟ್ಟೆಲ್ಲ ಗಂಡನ ಮೇಲೆ ತಿರುಗಿತು. ಹಿತ್ತಲಲ್ಲಿ ಕೈ ತೊಳೆಯುತ್ತಿದ್ದವರನ್ನು ಹಿಡಿದು, "ಏನ್ರೀ, ನಿಮಗೆ ನಾಲಿಗೆ ಇಲ್ವಾ? ಬೇಡ ಅಂತ ಎಲೆ ಬಿಟ್ಟು ಎದ್ದುಬಿಡಿ" ಅಂದೆ. ಅವರು ತಂಬಿಗೆ ಕೆಳಗಿಟ್ಟರು. ಆಮೇಲೆ, "ಬಡಿಸುವಾಗ ಅತ್ತೆ ನನ್ನ ಮುಖ ನೋಡ್ತಾರೆ ಕಣೇ. ಇಷ್ಟು ವಯಸ್ಸಾಯ್ತು, ನನ್ನ ಮುಖ ನೋಡಿ ಯಾರೂ ಬಡಿಸಿರಲಿಲ್ಲ" ಅಂದರು. ನನ್ನ ಸಿಟ್ಟು ಅಲ್ಲೇ ಇಂಗಿಹೋಯಿತು.

ಶನಿವಾರ ಸಾಬರು ಇವರನ್ನು ಮಂಡಿಯ ತಕ್ಕಡಿಯ ಮೇಲೆ ಕೂರಿಸಿದರು. ತೂಕದ ಬಟ್ಟು ಇಟ್ಟರು, ಸಾಲಲಿಲ್ಲ, ಇನ್ನೊಂದು ಇಟ್ಟರು. ಹಮಾಲಿಗಳು ಕೂಡ ನಗಲಿಲ್ಲವಂತೆ. "ಯಾ ಅಲ್ಲಾ! ಮಡ್‌ಗಾರ್ಡು ಬಿಚ್ಚಿದೆ, ಸ್ಟ್ಯಾಂಡು ಬಿಚ್ಚಿದೆ. ನಾನು ಬಿಚ್ಚಿದ್ದನ್ನೆಲ್ಲಾ ನಿಮ್ಮತ್ತೆ ನಿನ್ನ ಹೊಟ್ಟೆಗೆ ಕಟ್ಟಿ ಕಳಿಸಿದಾರಲ್ಲೋ!" ಅಂತ ಸಾಬರು ತಲೆ ಮೇಲೆ ಕೈ ಹೊತ್ತು ಕೂತರಂತೆ.

ಭಾನುವಾರ ಕಾರ್ಖಾನೆಯ ಲಾರಿಯಲ್ಲಿ ಒಂದಿಷ್ಟು ಜನರನ್ನು ಮೇಲಕ್ಕೆ ಕರೆದುಕೊಂಡು ಹೋದರು. ನಾನೂ ಅಮ್ಮನೂ ಹೋದೆವು. ಅಮ್ಮ ಮಡಿಲಲ್ಲಿ ಒಂದು ಡಬ್ಬಿ ಇಟ್ಟುಕೊಂಡಿದ್ದಳು, ಏನಿತ್ತು ಅಂತ ಬೇರೆ ಹೇಳಬೇಕಾಗಿಲ್ಲ. ಮೇಲೆ ಕೊನೆಯ ತಿರುವಿನಲ್ಲಿ, ಸುಣ್ಣದ ಗೆರೆ ಎಳೆದಿದ್ದ ಕಡೆ ನಿಂತೆವು. ಕೆಳಗಡೆ ಜನ ಕೂಗುವುದು ಕೇಳಿಸಿತು. ಇಬ್ಬರು ಒಟ್ಟಿಗೆ ಬರುತ್ತಿದ್ದರು, ಅದರಲ್ಲಿ ಒಬ್ಬರು ಇವರು. ಪಕ್ಕದಲ್ಲಿದ್ದದ್ದು ಯಾರೋ ಬೇರೆ ಊರಿನ ಹುಡುಗ. ಇವರು ಎದ್ದು ನಿಂತು ತುಳಿದರು. ಯಾವಾಗಲೂ ಅಲ್ಲಿಗೆ ಬೇರೆಯವರ ಆಟ ಮುಗಿಯುತ್ತಿತ್ತು. ಅವತ್ತು ಎದ್ದು ನಿಂತವರು ಮತ್ತೆ ಧೊಪ್ಪನೆ ಸೀಟಿನ ಮೇಲೆ ಕೂತುಬಿಟ್ಟರು. ಆ ಹುಡುಗ ಗೆರೆ ದಾಟಿದ. ಇವರ ಮುಂದಿನ ಚಕ್ರ ಅವನ ಹಿಂದಿನ ಚಕ್ರಕ್ಕೆ ತಾಗುವಷ್ಟು ಹತ್ತಿರ ಇತ್ತು. ಎರಡು ಹೋಳಿಗೆಯಷ್ಟು ಭಾರ ಕಡಿಮೆ ಇದ್ದಿದ್ದರೆ ಗೆಲ್ಲುತ್ತಿದ್ದರು ಅಂತ ನಾನು ಈಗಲೂ ಎದೆ ಮುಟ್ಟಿ ಹೇಳುತ್ತೇನೆ.

ಸೈಕಲ್ ಬಿಸಾಕಿ ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತರು. ಮುಖ ಬಿಳಿಚಿಕೊಂಡಿತ್ತು. ಅಮ್ಮ ಓಡಿಹೋಗಿ ಸೆರಗಿನಿಂದ ಅವರ ಹಣೆ ಒರೆಸಿದಳು. ಅವಳ ಕಣ್ಣಲ್ಲಿ ನೀರು. "ನಿತ್ರಾಣ ಆಗಿಬಿಟ್ಟಿದೆ ಪಾಪ! ನಂದೇ ತಪ್ಪು. ಇನ್ನೊಂದು ನಾಲ್ಕು ದಿನ ಇಟ್ಟುಕೊಂಡು ಚೆನ್ನಾಗಿ ತಿನ್ನಿಸಿ ಕಳಿಸಬೇಕಿತ್ತು" ಅಂದಳು. ನನಗೆ ರಕ್ತ ಕುದಿಯಿತು. ಬಾಯಿ ತೆಗೆದೆ. ಅವರು ಅಷ್ಟು ಸುಸ್ತಿನಲ್ಲೂ ಕಣ್ಣಿನಲ್ಲೇ ನನಗೆ ಬೇಡ ಅಂದರು. "ಹೌದು ಅತ್ತೆ, ಸ್ವಲ್ಪ ನಿತ್ರಾಣ ಆಯ್ತು" ಅಂದು, ಅಮ್ಮ ಡಬ್ಬಿ ತೆಗೆದು ಕೊಟ್ಟಿದ್ದನ್ನು ಅಲ್ಲೇ ಕೂತು ತಿಂದರು. ದೂರದಲ್ಲಿ ಸಾಬರು ಬೆನ್ನು ತಿರುಗಿಸಿಕೊಂಡು ನಿಂತಿದ್ದರು.

ಮುಂದಿನ ತಿಂಗಳು ಕುಲುಮೆಯ ಶಿಫ್ಟು ಶುರುವಾಯಿತು. ಬಿಚ್ಚಿದ್ದ ಮಡ್‌ಗಾರ್ಡು, ಸ್ಟ್ಯಾಂಡು, ಬೆಲ್ಲು ಎಲ್ಲ ಮತ್ತೆ ಹಾಕಿಸಿಕೊಂಡು, ಕ್ಯಾರಿಯರ್ರಿಗೆ ಊಟದ ಡಬ್ಬಿ ಸಿಕ್ಕಿಸಿಕೊಂಡು ಕೆಲಸಕ್ಕೆ ಹೋದರು. ಕ್ವಾರ್ಟರ್ಸಿನ ಬಾಗಿಲಲ್ಲಿ ನಿಂತು ನೋಡಿದರೆ ಅದೇ ಸಮಯಕ್ಕೆ ಹೊರಟ ನೂರಾರು ಸೈಕಲ್ಲುಗಳಲ್ಲಿ ಅವರದು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ನನಗೆ ತುಂಬ ಸಂಕಟವಾಗುತ್ತಿತ್ತು. ಉತ್ತರದ ಆ ಬೆಟ್ಟ ಹೇಗಿತ್ತೋ, ಅಲ್ಲಿ ಇವರು ಹತ್ತಿದ್ದಿದ್ದರೆ ಹೇಗಿರುತ್ತಿತ್ತೋ ಅಂತ ಒಲೆ ಮುಂದೆ ಕೂತು ಯೋಚಿಸುತ್ತಿದ್ದೆ. ಕೆಲವು ದಿನ ಅಮ್ಮನ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ತವರಿನಿಂದ ಬಂದ ತಿಂಡಿಯನ್ನು ಪಕ್ಕದ ಮನೆಯ ತಮಿಳರ ಮಕ್ಕಳಿಗೆ ಹಂಚಿಬಿಡುತ್ತಿದ್ದೆ.

ಇವರು ಮಾತ್ರ ಒಂದು ದಿನವೂ ಗೊಣಗಲಿಲ್ಲ. ಹಬ್ಬ ಬಂದರೆ ನನಗಿಂತ ಮೊದಲು ಇವರು ತಯಾರು. ಅಮ್ಮ ಆ ಸೋಲಿನ ಪ್ರಾಯಶ್ಚಿತ್ತ ಅನ್ನುವ ಹಾಗೆ ವರ್ಷದಿಂದ ವರ್ಷಕ್ಕೆ ಒತ್ತಾಯ ಜಾಸ್ತಿ ಮಾಡಿದಳು. ಬೇಡ ಅತ್ತೆ ಅನ್ನುವುದು, ನನ್ನಾಣೆ ಇನ್ನೊಂದು ಅನ್ನುವುದು, ಇಬ್ಬರಿಗೂ ಅದೇ ಒಂದು ಆಟ. ಹೊಟ್ಟೆ ಬಂತು. ಪಕ್ಕೆಲುಬು ಮುಚ್ಚಿತು. ಅಮ್ಮ ಅದನ್ನು ನೆಂಟರಿಗೆಲ್ಲ ತೋರಿಸಿ ಬೀಗುತ್ತಿದ್ದಳು.

ಐದಾರು ವರ್ಷ ಹೀಗೇ ನಡೆಯಿತು. ಒಂದು ದಿನ ಅಮ್ಮ ಸಾಬರ ಅಂಗಡಿ ಮುಂದೆ ಹೋಗುವಾಗ, "ನಮ್ಮ ಅಳಿಯನಿಗೆ ಈಗ ಮೈ ತುಂಬಿದೆ, ಇನ್ನೊಂದು ಸಲ ಘಟ್ಟ ಹತ್ತಿಸಿ ನೋಡಿ ಸಾಬ್ರೇ, ಈಗ ಗೆಲ್ತಾರೆ" ಅಂದಳಂತೆ. ಸಾಬರು ಇವಳು ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡರು. ಅಷ್ಟು ವರ್ಷದಲ್ಲಿ ಅವಳಿಗೆ ವಿಷಯ ಗೊತ್ತಾಗಿಯೇ ಇರುತ್ತದೆ ಅಂತ ಅವರ ಭಾವನೆ. ಮಂಡಿಯ ತಕ್ಕಡಿಯ ಕಥೆಯನ್ನೆಲ್ಲ ನಗುನಗುತ್ತ ಹೇಳಿಬಿಟ್ಟರು.

ಆ ಗೌರಿಹಬ್ಬಕ್ಕೆ ನಾವು ಹೋದಾಗ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು, "ನಿಜವೇನೇ?" ಅಂದಳು. ನಾನು ತಲೆ ಆಡಿಸಿದೆ. "ನೀನಾದರೂ ಬಿಡಿಸಿ ಹೇಳಬಾರದಿತ್ತೇ?" ಅಂದಳು. "ಹೇಳಿದ್ದೆನಲ್ಲಮ್ಮ" ಅಂದೆ. ಅವಳು ಎಲೆ ಒರೆಸಲು ಶುರು ಮಾಡಿದಳು.

ಇವರು ಬಂದು ಮಣೆಯ ಮೇಲೆ ಕೂತರು. ಅಮ್ಮ ಒಂದು ಹೋಳಿಗೆ ಬಡಿಸಿದಳು, ಒಂದು ಮಿಳ್ಳೆ ತುಪ್ಪ. ಮುಖ ಎತ್ತಲಿಲ್ಲ, ಅವರ ಮುಖ ನೋಡಲಿಲ್ಲ. ಒಳಗೆ ಹೋಗಿಬಿಟ್ಟಳು. ಇವರು ಅದನ್ನು ತಿಂದು ಮುಗಿಸಿ ಕಾದರು. ಅಡುಗೆಮನೆ ಬಾಗಿಲ ಕಡೆ ನೋಡಿದರು. ನಾನು ಹೋಳಿಗೆ ತಟ್ಟೆ ಹಿಡಿದು ಬಂದೆ, ಕೈಸನ್ನೆಯಲ್ಲೇ ಬೇಡ ಅಂದರು. ಕೊನೆಗೆ ಯಾರೂ ಕೇಳದೆ ಇದ್ದರೂ, ಒಳಗೆ ಕೇಳಿಸುವ ಹಾಗೆ, "ಸಾಕು ಅತ್ತೆ" ಅಂದರು. ಒಳಗಿಂದ, "ಆಯ್ತಪ್ಪ" ಅಂತ ಬಂತು.

ಸಂಜೆ ರೈಲಿನಲ್ಲಿ ಭದ್ರಾವತಿಗೆ ವಾಪಸು ಬರುವಾಗ ಅವರು ಕಿಟಕಿಯ ಆಚೆ ನೋಡುತ್ತ ಕೂತಿದ್ದರು. "ಅತ್ತೆಗೆ ಯಾರು ಹೇಳಿದ್ದು?" ಅಂತ ಕೇಳಿದರು. ಹೇಳಿದೆ. "ರೇಸು ಹೋದ್ರೆ ಹೋಗಲಿ ಅಂತ ನಾನೇ ಬಿಟ್ಟುಕೊಟ್ಟಿದ್ದೆ ಕಣೇ. ಅದಕ್ಕೆ ಬದಲು ಇದೊಂದು ಸಿಕ್ಕಿತ್ತು" ಅಂದರು. ಸೋತ ದಿನವೂ ಅಳದ ಮನುಷ್ಯ, ತುಂಬಿದ ರೈಲಿನಲ್ಲಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು.

ಅಮ್ಮ ಅದಾದ ಮೇಲೆ ಎರಡು ವರ್ಷ ಬದುಕಿದ್ದಳು. ಅಳಿಯನಿಗೆ ಒಂದು ದಿನವೂ ಎರಡನೇ ಸಲ ಬಡಿಸಲಿಲ್ಲ.