ರವಿವಾರಕ್ಕೆ ಉಳಿಸಿದ ಉದ್ಗಾರ

ಇವತ್ತು ಬೆಳಿಗ್ಗೆ ಹೊಸ ಧೋತರದ ಮಡಿಕೆ ಬಿಚ್ಚಿದಾಗ ಗಂಜಿಯ ವಾಸನೆ ಬಂತು. ಬೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನೇಕಾರ ನೆನಪಾದ...

ನಾನು ಇಂಗ್ಲಿಷ್ ಮಾಸ್ತರಿಕೆಯಿಂದ ನಿವೃತ್ತನಾಗಿದ್ದೆ. ಅವನ ಮಗಳು ಕಾಲೇಜಿನಲ್ಲಿದ್ದಳು. ತಂದೆ ಮಗಳ ನಡುವೆ ಒಂದು ಪಂದ್ಯವಿತ್ತು: ಅವಳು ಇಂಗ್ಲಿಷಿನಲ್ಲಿ ಸುದ್ದಿ ಹೇಳಬೇಕು, ಅವನು ಇಂಗ್ಲಿಷಿನಲ್ಲೇ ಬೆರಗಾಗಬೇಕು. ಕನ್ನಡ ಬಾಯಿಗೆ ಬಂದರೆ ಸೋತಂತೆ. ಅದನ್ನು ಕಲಿಯಲು ಅವನು ಮಗಳಿಗೆ ಹೇಳದೆ ಪ್ರತಿ ರವಿವಾರ ಬೆಳಿಗ್ಗೆ ಏಳಕ್ಕೆ ನಮ್ಮ ಮನೆಗೆ ಬರುತ್ತಿದ್ದ. ವಾರಕ್ಕೆ ಒಂದೇ ಉದ್ಗಾರ; ಮೊದಲು ಅರ್ಥ, ಆಮೇಲೆ ಐದು ಬಳಕೆ. ಸಣ್ಣ ಬೆರಗು ಮೊದಲು, ದೊಡ್ಡದು ಕೊನೆಗೆ. ಅದು ನನ್ನ ಕ್ರಮ. ಸುದ್ದಿ ತಿಳಿಯಿತು ಎನ್ನಲು ‘ಓ, ಐ ಸೀ’. ನಂಬುವುದು ತುಸು ಕಷ್ಟವಾದರೆ ‘ರಿಯಲಿ?’. ಬೇಸರದ ಸುದ್ದಿಗೆ ‘ಓ ಡಿಯರ್’.

“ಕರೆಂಟ್ ಹ್ವಾದ್ರ ಓ ಡಿಯರ್ ಅನ್ನಬೇಕೇನ್ರಿ ಮಾಸ್ತರ? ಹಂಗಾದ್ರ ಮಗ್ಗ ಬಿಟ್ಟು ದಿನಾ ಅದನ್ನ ಅನಕೋಂತ ಕುಂದ್ರತೇನಿ!” ಎಂದು ನಗುತ್ತಿದ್ದ.

ಒಂದು ಬುಧವಾರ ಸಂಜೆ ಬಂದ. ನಾನು ಅಡ್ಡಾಡಲು ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ.

“ನಾಳಿ ಮಗಳ ರಿಸಲ್ಟ್ ಐತ್ರಿ. ದೊಡ್ಡ ಖುಷಿಗೆ ಒಂದ ಮಾತ ಕೊಡ್ರಿ. ರಿಯಲಿ ಅಂದ್ರ ಆಕಿನ್ನ ನಂಬಲಿಲ್ಲ ಅಂದಂಗ ಆಗತೈತಿ.”

“ಅದು ಮುಂದಿನ ಪಾಠ. ರವಿವಾರ ಬಾ.”

“ಆತ್ರಿ,” ಎಂದು ಹೋದ. ‘ಹೌ ವಂಡರ್‌ಫುಲ್’ ಎಂದು ಹೇಳಿಕೊಡಲು ಅರ್ಧ ನಿಮಿಷ ಸಾಕಿತ್ತು...

ಅದೇ ಶನಿವಾರ ಮಗ್ಗದ ಮುಂದೆಯೇ ಎದೆ ಹಿಡಿದುಕೊಂಡು ಕುಸಿದ. ಮತ್ತೆ ಏಳಲಿಲ್ಲ.

ಕಳೆದ ತಿಂಗಳು ಲಕ್ಷ್ಮೇಶ್ವರದ ಬಸ್ ನಿಲ್ದಾಣದಲ್ಲಿ ಅವನ ಮಗಳು ಸಿಕ್ಕಳು. ಈಗ ಅಲ್ಲಿಯೇ ಶಿಕ್ಷಕಿ. ತಂದೆಯ ಮಾತು ಬಂತು.

“ಕಾಲೇಜಿಗೆ ಮೊದಲನೇದಾಕಿ ಬಂದೀನಿ ಅಂತ ಹೇಳಿದ್ನಿರಿ ಸರ. ‘ಓ, ಐ ಸೀ’ ಅಂದ, ಅಷ್ಟ. ಅಪ್ಪಗ ನನ್ನ ಓದಿಂದು ಖುಷಿನ ಇರಲಿಲ್ಲೇನೋ...”

ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ ಬಂತು. ಅವಳು ನಮಸ್ಕಾರ ಮಾಡಿ ಹತ್ತಿದಳು. ಅಷ್ಟು ವರ್ಷ ಅವಳು ಹಾಗೆಯೇ ತಿಳಿದು ಬದುಕಿದ್ದಳು.

ಅವಳ ಮನೆ ಹುಡುಕಿ ಹೋಗಿ ಹೇಳಬೇಕು: ಖುಷಿ ಇತ್ತು ತಾಯಿ, ಅದಕ್ಕೆ ತಕ್ಕ ಮಾತು ಕೇಳಲು ನಿಮ್ಮಪ್ಪ ಬಂದಿದ್ದ, ಕೊಡದವನು ನಾನು. ಇಷ್ಟನ್ನು ಹೇಳಬಲ್ಲೆ. ಆದರೆ ಅವಳು ಕಾದು ನಿಂತದ್ದು ಅಪ್ಪನ ದನಿಗೆ...