ಹುಳಿಗೆ ಹಿಡಿದ ನೀಲಿ

ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಗೋಬಿ ಗಾಡಿಯವನು ಕಾದ ಬಾಣಲೆಗೆ ವಿನೆಗರ್ ಸುರಿದರೆ ಎಲ್ಲರ ಬಾಯಲ್ಲೂ ನೀರೂರುತ್ತದೆ. ನನಗೆ ಮಾತ್ರ ಮೈ ಉರಿಯುತ್ತದೆ. ಆ ಹುಳಿ ಹಬೆ ಮೂಗಿಗೆ ಬಡಿದರೆ ಸಾಕು, ಶಿಡ್ಲಘಟ್ಟದ ನಮ್ಮ ಮನೆಯ ಹಿತ್ತಲು ಎದುರಿಗೆ ಬಂದು ನಿಲ್ಲುತ್ತದೆ. ಆ ಮನೆ ಈಗಿಲ್ಲ. ಹಿತ್ತಲಲ್ಲಿ ಮೂರು ಕಲ್ಲಿನ ಒಲೆ, ಅದರ ಮೇಲೆ ಅಡುಗೆಗೆಂದೂ ಬಳಸದ ದೊಡ್ಡ ಪಾತ್ರೆ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ಅಪ್ಪನ ತಂಗಿ ರತ್ನತ್ತೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದಳು. ಕೂತು ಉಣ್ಣುವ ಹೆಂಗಸಲ್ಲ. ಸ್ವೆಟರ್ ಹೆಣೆದು ತನ್ನ ಅನ್ನ ತಾನೇ ದುಡಿದುಕೊಳ್ಳುತ್ತಿದ್ದಳು.

ಊರಿನವರು ರೇಷ್ಮೆಗೆ ಹಾಕುವ ಬಣ್ಣದ ಪುಡಿಯನ್ನೇ ಅವಳು ಉಣ್ಣೆಗೆ ಹಾಕುತ್ತಿದ್ದಳು. ಬಿಳಿ ಉಣ್ಣೆಯ ಲಡಿಗಳನ್ನು ನೆನೆಸಿ, ಬಣ್ಣದ ನೀರಿಗಿಳಿಸಿ, ವಿನೆಗರ್ ಬೆರೆಸಿ ಸಣ್ಣ ಉರಿಯಲ್ಲಿ ಕಾಯಿಸುತ್ತಿದ್ದಳು. ನಾವು ಕೋಲು ಹಿಡಿದರೆ, "ಕಲಕ್ಬೇಡ್ರಪ್ಪಾ, ಕಂಬ್ಳಿ ಥರ ಗಟ್ಟಿ ಆಗೋಗುತ್ತೆ" ಅನ್ನುವಳು. ನೋಡನೋಡುತ್ತ ಉಣ್ಣೆ ನೀಲಿಯನ್ನೆಲ್ಲ ಕುಡಿದು, ಪಾತ್ರೆಯಲ್ಲಿ ಬರೀ ತಿಳಿನೀರು ಉಳಿಯುತ್ತಿತ್ತು. ಅದನ್ನು ನೋಡಲೆಂದೇ ನಾವು ಆಟ ಬಿಟ್ಟು ಓಡಿ ಬರುತ್ತಿದ್ದೆವು. ಅವಳ ಬೆರಳುಗಳಿಗೂ ಒಂದಷ್ಟು ಬಣ್ಣ ಹತ್ತುತ್ತಿತ್ತು.

ದೊಡ್ಡಪ್ಪನ ಮಗಳು ಗೀತಕ್ಕನನ್ನು ನೋಡಲು ಚಿಂತಾಮಣಿಯಿಂದ ಗಂಡಿನ ಕಡೆಯವರು ಬರುವ ದಿನ ಆ ಬೆರಳುಗಳು ದೊಡ್ಡಪ್ಪನ ಕಣ್ಣಿಗೆ ಬಿದ್ದವು. ಅತ್ತೆ ಆಗಷ್ಟೇ ಒಲೆಯ ಮುಂದಿನಿಂದ ಎದ್ದು ಬಂದಿದ್ದಳು. "ಥೂ, ಇದೇನೇ ಅಸಹ್ಯ? ಬಂದೋರು ಏನಂದ್ಕೋತಾರೆ?" ಎಂದವನೇ ಹುಣಸೆಹಣ್ಣು ಕಿವುಚಿ, ಸುಡುನೀರು ತರಿಸಿ, ತಾಮ್ರದ ಚೊಂಬು ಬೆಳಗುವಂತೆ ಅವಳ ಕೈ ತಿಕ್ಕತೊಡಗಿದ. "ಹುಳಿ ಬಿದ್ರೆ ಇನ್ನೂ ಹಿಡ್ಕೊಳ್ಳುತ್ತೆ ಅಣ್ಣಾ, ಬಿಡು" ಎಂದು ಅವಳು ಅಂಗಲಾಚಿದಳು. ಕೇಳಿದರೆ ತಾನೇ? ನೀಲಿ ಕಚ್ಚಿಕೊಂಡಿತು. "ನಾಲ್ಕು ದಿನ ಇದ್ದು ಬಾ" ಎಂದು ಹಿತ್ತಲ ಬಾಗಿಲಿಂದಲೇ ಅವಳನ್ನು ಮಂಡಿಕಲ್ಲಿನ ನೆಂಟರ ಮನೆಗೆ ಸಾಗಹಾಕಿದ. ನಮ್ಮಪ್ಪ ಅಲ್ಲೇ ನಿಂತಿದ್ದ. ಬಾಯಿಗೆ ಅವಲಕ್ಕಿ ತುಂಬಿಕೊಂಡವನ ಹಾಗೆ.

ಗೀತಕ್ಕನ ಮದುವೆಯಾಯಿತು, ಮಗುವಿನ ನಾಮಕರಣವೂ ಆಯಿತು. ಅತ್ತೆಯನ್ನು ಯಾರೂ ಕರೆಯಲಿಲ್ಲ. ಒಲೆಯ ಕಲ್ಲುಗಳನ್ನು ದೊಡ್ಡಪ್ಪ ಬೇಲಿಯಾಚೆ ಎಸೆದ. ಅವಳು ಇನ್ನೊಬ್ಬರ ಮನೆಯ ಜಗಲಿಯಲ್ಲಿ ಅವರೇಕಾಯಿ ಸುಲಿಯುತ್ತ ಮುದುಕಿಯಾದಳು. ನಾನು ನೋಡಲು ಹೋದಾಗಲೆಲ್ಲ, "ಅಣ್ಣ ನನ್ ವಿಷ್ಯ ಏನಾದ್ರೂ ಅಂದ್ನೇನಪ್ಪಾ?" ಎಂದು ಕೇಳುತ್ತಿದ್ದಳು. ನಿಮ್ಮ ಮನೆಗಳಲ್ಲೂ ಇಂಥವಳೊಬ್ಬಳು ಇದ್ದಿರಬೇಕು. ಆ ಪ್ರಶ್ನೆಗೆ ನೀವೇನು ಉತ್ತರ ಕೊಟ್ಟಿರೋ ನನಗೆ ತಿಳಿಯದು.

ಅವಳು ಹೋದ ಸುದ್ದಿ ಬಂದಾಗ ದೊಡ್ಡಪ್ಪ ಎದೆ ಬಡಿದುಕೊಂಡ. "ನಮ್ಮನೆ ಹೆಣ್ಮಗಳು ಕಣ್ರೋ, ನಮ್ಮನೆಯಿಂದ್ಲೇ ಹೋಗ್ಬೇಕು" ಎಂದು ಕೂಗಾಡಿದ. ನಡುಮನೆಯಲ್ಲಿ ಮಲಗಿಸಿ ತವರಿನ ಸೀರೆ ಹೊದಿಸಿದರು. ಬಂದವರೆಲ್ಲ, ಇದ್ದರೆ ಇಂಥ ಅಣ್ಣ ಇರಬೇಕು ಎಂದರು. ನನಗೆ ಆ ಸೀರೆಯನ್ನು ಕಿತ್ತು ಬೀದಿಗೆ ಎಸೆಯಬೇಕೆನಿಸಿತು. ಮಂಡಿಕಲ್ಲಿನಿಂದ ಅವಳನ್ನು ಕರೆತರಲು ಆ ಮನೆಯಿಂದ ಗಾಡಿ ಹೋದದ್ದು ಅದೊಂದೇ ಸಲ.