ಕಾರಿನ ಸೀಟಿನಿಂದ ಎತ್ತಿ ಕೊಟ್ಟದ್ದು

ನಾನು ನಿಂತಿದ್ದು ವಿಮಾನದ ಬಲಗಡೆಯ ನಡುದಾರಿಯಲ್ಲಿ, ಹಿಂದಿನಿಂದ ಎಣಿಸಿದರೆ ಆರನೆಯ ಸಾಲಿನ ಪಕ್ಕ. ೨೦೦೪ರ ಫೆಬ್ರವರಿ, ಗುರುವಾರ. ಕೈಗಡಿಯಾರದ ಮುಳ್ಳನ್ನು ಇನ್ನೂ ತಿರುಗಿಸಿರಲಿಲ್ಲ. ಅದು ಪುಣೆಯ ಹೊತ್ತನ್ನೇ ತೋರಿಸುತ್ತಿತ್ತು, ನಾಲ್ಕು ಗಂಟೆ ಹತ್ತು ನಿಮಿಷ. ಮುಂಬೈಯಿಂದ ಮಧ್ಯಾಹ್ನ ಹೊರಟು ಪಶ್ಚಿಮಕ್ಕೇ ಹೋಗುತ್ತಿದ್ದೆವು. ಕಿಟಕಿಯ ಬಿಸಿಲು ಹೊರಟಾಗ ಹೇಗಿತ್ತೋ ಹಾಗೇ ಇತ್ತು, ಯಾರೋ ಹೊತ್ತನ್ನು ಹಿಡಿದು ನಿಲ್ಲಿಸಿದ ಹಾಗೆ.

ನಮ್ಮವು ಮೂರು ಸೀಟು. ಕಿಟಕಿಯ ಬದಿಯ ಸೀಟಿನ ಮೇಲೆ ಕಾರಿನಲ್ಲಿ ಮಕ್ಕಳನ್ನು ಕಟ್ಟಿ ಕೂಡಿಸುವ ಸೀಟನ್ನು ಬಿಗಿದು ಕಟ್ಟಿದ್ದೆ. ಅದು ಖಾಲಿ ಇತ್ತು. ನಡುವೆ ಹೆಂಡತಿ, ಅವಳ ಕೊರಳಿಗೆ ಜೋತುಬಿದ್ದ ಎರಡೂವರೆ ವರ್ಷದ ಮಗಳು. ಬೆಲ್ಟ್ ಹಾಕಿಕೊಳ್ಳುವ ದೀಪ ಹತ್ತಿತ್ತು. ಮುಂದೆ ಗಾಳಿ ಕೆಟ್ಟದ್ದಿದೆ ಎಂದು ಸಾರಿದ್ದರು. ಗಗನಸಖಿ ಎರಡು ಸಲ ಬಂದು, ಇಷ್ಟು ದೊಡ್ಡ ಮಗುವನ್ನು ತೊಡೆಯ ಮೇಲೆ ಇಟ್ಟುಕೊಳ್ಳುವ ಹಾಗಿಲ್ಲ, ಕೂಡಲೇ ಅದರ ಸೀಟಿನಲ್ಲಿ ಕಟ್ಟಿ ಎಂದು ಹೇಳಿ ಹೋಗಿದ್ದಳು. ಮಗಳು ಒಪ್ಪುತ್ತಿರಲಿಲ್ಲ. ಎತ್ತಿ ಕೂಡಿಸಲು ಹೋದರೆ ಎರಡೂ ಕಾಲು ಮಡಚಿಕೊಂಡು ಗಾಳಿಯಲ್ಲೇ ಜೋತಾಡುತ್ತಿದ್ದಳು. ಅವಳು ಅಳುತ್ತಿರಲಿಲ್ಲ. ಒಂದೇ ಮಾತು ಹೇಳುತ್ತಿದ್ದಳು.

"ಗುಂಡಪ್ಪ ಕೂತಾನ."

ಗುಂಡಪ್ಪ ಎಂದರೆ ಯಾರು ಎಂಬುದನ್ನು ಮೊದಲು ಹೇಳಬೇಕು.

ನಾನು ಆಗ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ದ್ರಾಕ್ಷಿ ರಫ್ತು ಮಾಡುವ ಒಬ್ಬ ವ್ಯಾಪಾರಿಯ ಹತ್ತಿರ ಕೆಲಸಕ್ಕಿದ್ದೆ. ಹಡಗಿನಲ್ಲಿ ಹಾಲೆಂಡಿಗೆ ಹೋದ ಪೆಟ್ಟಿಗೆಗಳನ್ನು ಅಲ್ಲಿ ಬಿಚ್ಚಿಸಿ ನೋಡಲು, ಆ ಹಂಗಾಮು ಮುಗಿಯುವ ತನಕ, ನಾಲ್ಕು ತಿಂಗಳ ಮಟ್ಟಿಗೆ ನನ್ನನ್ನು ಕಳಿಸಿದರು. ಹೆಂಡತಿ ಮಗಳನ್ನು ಕರೆದುಕೊಂಡು ಹೋಗಲು ಅನುಮತಿಯಿತ್ತು. ಆ ದೇಶದಲ್ಲಿ ಮಗುವಿಗೆ ಬೇರೆ ಸೀಟಿಲ್ಲದೆ ಕಾರು ಓಡಿಸುವ ಹಾಗಿಲ್ಲ ಎಂದು ಮಾಲೀಕರು ತಮ್ಮ ತಮ್ಮನ ಮನೆಯಲ್ಲಿದ್ದ ಹಳೆಯ ಸೀಟನ್ನು ತರಿಸಿಕೊಟ್ಟರು. ವಿಮಾನದಲ್ಲೂ ಬಳಸಬಹುದು ಎಂದು ಅದರ ಬೆನ್ನಿಗೆ ಚೀಟಿ ಅಂಟಿಸಿತ್ತು. ಬೂದು ಬಣ್ಣದ ಬಟ್ಟೆ, ಭುಜಕ್ಕೆ ಎರಡು ಪಟ್ಟಿ, ಸೊಂಟಕ್ಕೆ ಎರಡು, ಕಾಲ ನಡುವಿನಿಂದ ಒಂದು.

ಪುಣೆಯಲ್ಲೇ, ಬಿಬವೇವಾಡಿಯ ನಮ್ಮ ಮನೆಯ ಹೊರಗಿನ ಕೋಣೆಯಲ್ಲಿ ಅದನ್ನು ಇಟ್ಟ ದಿನ ನನ್ನ ತಾಯಿ ಅದರ ಸುತ್ತ ಒಂದು ಸಲ ನಡೆದು ನೋಡಿದರು. ಅವರು ವಿಜಾಪುರದ ಕಡೆಯವರು. ಮಗು ಅದರಲ್ಲಿ ಮಲಗುವುದಾದರೆ ಅದು ತೊಟ್ಟಿಲೇ, ತೂಗಿದರೇನು ಬಿಟ್ಟರೇನು ಎಂಬುದು ಅವರ ಲೆಕ್ಕ. ತೊಟ್ಟಿಲಿಗೆ ನಮ್ಮಲ್ಲಿ ಒಂದು ಕ್ರಮವಿದೆ. ಹೆಸರಿಡುವ ದಿನ ಮೊದಲು ಗುಂಡುಕಲ್ಲಿಗೆ ತಲೆ ಬೆನ್ನು ಮುಚ್ಚುವ ಕುಂಚಿಗೆ ತೊಡಿಸಿ, ಕೂಸಿನ ಹಾಗೆ ಸಿಂಗರಿಸಿ ತೊಟ್ಟಿಲಲ್ಲಿ ಮಲಗಿಸುತ್ತಾರೆ. ಅವನೇ ಗುಂಡಪ್ಪ. ಖಾಲಿ ತೊಟ್ಟಿಲನ್ನು ಹುಡುಕಿಕೊಂಡು ಏನಾದರೂ ಬರುವುದಿದ್ದರೆ ಅದಕ್ಕೆ ಅವನು ಸಿಗಲಿ ಎಂದು. ಆಮೇಲೆ ಒಬ್ಬರು ಅವನನ್ನು ಎತ್ತಿ ಇನ್ನೊಬ್ಬರ ಕೈಗೆ ಕೊಡುತ್ತಾರೆ, ಅದೇ ಗಳಿಗೆಗೆ ಕೂಸನ್ನು ಮಲಗಿಸುತ್ತಾರೆ. ನಡುವೆ ತೊಟ್ಟಿಲು ಖಾಲಿ ಇರಬಾರದು.

ತಾಯಿ ಚಟ್ನಿ ಅರೆಯುವ ಗುಂಡುಕಲ್ಲನ್ನು ತೊಳೆದು, ಮಗಳ ಹಳೆಯ ಕೆಂಪು ಕುಂಚಿಗೆ ತೊಡಿಸಿ, ಕಾರಿನ ಸೀಟಿನಲ್ಲಿ ಕೂಡಿಸಿದರು. ಐದೂ ಪಟ್ಟಿ ನನ್ನ ಕೈಯಿಂದ ಹಾಕಿಸಿದರು.

"ಗುಂಡಪ್ಪಗೂ ತಿಕೀಟ ತಗಸೀರೇನ್ರಿ ಅತ್ತಿ?" ಎಂದು ಹೆಂಡತಿ ಕೇಳಿದಳು.

"ಅವಂಗ ಯಾಕ ತಿಕೀಟ? ಅವ ಇಲ್ಲೇ ಇರಾಂವ. ಹೊಂಡೂ ಮುಂದ ನಾನ ಎತ್ತಿ ಕೊಡ್ತೀನಿ, ನೀ ಇಸ್ಕೊ," ಎಂದರು ತಾಯಿ.

ಎಂಟು ದಿನ ಗುಂಡಪ್ಪ ಅಲ್ಲೇ ಕುಳಿತ. ಮಗಳು ಅವನ ಎದುರು ಕೂತು ತನ್ನ ತುತ್ತಿನಲ್ಲಿ ಅರ್ಧ ಅವನಿಗೆ ಹಿಡಿಯುತ್ತಿದ್ದಳು.

ಹೊರಡುವ ಬೆಳಿಗ್ಗೆ ಐದಕ್ಕೆ ಬರಬೇಕಾದ ಟ್ಯಾಕ್ಸಿ ನಾಲ್ಕೂವರೆಗೇ ಬಂತು. ತಾಯಿ ಸ್ನಾನಕ್ಕೆ ಹೋಗಿದ್ದರು. ಮಗಳು ಹಾಸಿಗೆಯಲ್ಲಿದ್ದಳು. ಚಾಲಕ ಹಾರ್ನ್ ಹೊಡೆಯುತ್ತಿದ್ದ. ನಾನು ಪಟ್ಟಿ ಬಿಚ್ಚಿ, ಕುಂಚಿಗೆಯನ್ನು ಸೀಟಿನಲ್ಲೇ ಬಿಟ್ಟು, ಬರಿ ಕಲ್ಲನ್ನು ಒಬ್ಬನೇ ಎತ್ತಿ ಬಾಗಿಲ ಮೆಟ್ಟಿಲ ಮೇಲೆ ಇಟ್ಟೆ. ಯಾರ ಕೈಗೂ ಕೊಡಲಿಲ್ಲ. ಖಾಲಿ ಸೀಟನ್ನು ಟ್ಯಾಕ್ಸಿಯ ಡಿಕ್ಕಿಗೆ ಹಾಕಿದೆ. ಅದು ಮುಂಬೈವರೆಗೆ ಖಾಲಿಯೇ ಬಂತು. ತಾಯಿ ಒದ್ದೆ ಕೂದಲಲ್ಲಿ ಹೊರಗೆ ಬಂದು ಮೆಟ್ಟಿಲು ನೋಡಿದರು, ನನ್ನನ್ನು ನೋಡಿದರು. ಹೊರಟವರಿಗೆ ಅಪಶಕುನ ಆಡಬಾರದೆಂದು ಸುಮ್ಮನಿದ್ದರು.

ವಿಮಾನ ಏರುವಾಗಲೂ ಮಗಳು ಆ ಸೀಟಿನಲ್ಲಿ ಕೂಡಲಿಲ್ಲ. ನಾನು ನನ್ನ ಸೀಟಿನಲ್ಲಿ ಅವಳನ್ನು ಕೂಡಿಸಿ, ದೊಡ್ಡವರ ಬೆಲ್ಟನ್ನೇ ಸುತ್ತಿ, ಹಿಂದಿನ ಒಂದು ಖಾಲಿ ಸೀಟಿನಲ್ಲಿ ಕೂತೆ. ಬೆಲ್ಟು ಸಡಿಲವಿತ್ತು, ಅವಳು ಅದರ ಕೆಳಗಿನಿಂದ ಎರಡು ಸಲ ಜಾರಿ ಬಂದಳು. ಅದಕ್ಕೇ ನಾಲ್ಕು ಗಂಟೆ ಹತ್ತಕ್ಕೆ ನಾನು ಎದ್ದು ಬಂದು, ಅತ್ತರೂ ಸರಿ, ಕೈಕಾಲು ಹಿಡಿದು ಕಾರಿನ ಸೀಟಿನಲ್ಲೇ ಕಟ್ಟಿಬಿಡೋಣ ಎಂದು ನಿಂತಿದ್ದೆ. ನೆಲ ಆಗಲೇ ಅಂಗಾಲಿನ ಕೆಳಗೆ ಸಣ್ಣಗೆ ನಡುಗುತ್ತಿತ್ತು.

ಹೆಂಡತಿ ನನ್ನನ್ನು ತಡೆದಳು. ಮಗಳನ್ನು ನನ್ನ ಸೀಟಿಗೆ ಇಳಿಸಿದಳು. ಕಾರಿನ ಸೀಟಿನ ಕಡೆ ತಿರುಗಿ, ಅದರಲ್ಲೇ ಉಳಿದಿದ್ದ ಕೆಂಪು ಕುಂಚಿಗೆಯನ್ನು ಎರಡೂ ಕೈಯಲ್ಲಿ ಬಳಸಿ, ಬಾಗಿ, ಎತ್ತಿದಳು. ಅದು ಆಟವೆಂದು ನನಗೆ ಗೊತ್ತಿತ್ತು. ಆದರೆ ಎತ್ತುವಾಗ ಅವಳ ಕುತ್ತಿಗೆಯ ನರ ಎದ್ದದ್ದು ನೋಡಿದೆ.

"ಇಸ್ಕೊಳ್ರಿ," ಎಂದಳು.

ನಾನು ಕೈ ಚಾಚಿದೆ. ಅವಳು ಕೊಟ್ಟಳು. ನನ್ನ ಕೈಗಳು ಕೆಳಗೆ ಹೋದವು.

ಎಷ್ಟು ಭಾರ ಎಂದರೆ, ಅದೇ ಬೆಳಿಗ್ಗೆ ನಾನು ಎತ್ತಿದ್ದ ಭಾರ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕುಂಚಿಗೆ ಮಾತ್ರ ಚಪ್ಪಟೆಯಾಗಿಯೇ ಇತ್ತು, ಒಳಗೆ ಏನೂ ಇಲ್ಲದ ಬಟ್ಟೆಯ ಹಾಗೆ. ನಡುದಾರಿಯ ಆಚೆ ಕುಳಿತಿದ್ದ, ಒಂಬತ್ತು ಗಜದ ನೌವಾರಿ ಸೀರೆಯ ಮುದುಕಿ ನನಗೆ ಜಾಗ ಬಿಡಲು ಕಾಲು ಒಳಗೆಳೆದುಕೊಂಡರು. ನನ್ನ ಮೊಣಕೈಯತ್ತ ನೋಡಿ, "ಜಪೂನ್. ಮಾನ್ ಧರಾ," ಎಂದರು ಮರಾಠಿಯಲ್ಲಿ. ಜೋಕೆ, ಕತ್ತು ಹಿಡಿ ಎಂದು. ಎಳೆಗೂಸನ್ನು ಎತ್ತಿಕೊಂಡವರಿಗೆ ಹೇಳುವ ಮಾತು. ಅವರೂ ಮಗಳಿಗಾಗಿ ಆಟ ಕಟ್ಟುತ್ತಿದ್ದಿರಬಹುದು. ಆದರೆ ಮುಖದಲ್ಲಿ ನಗು ಇರಲಿಲ್ಲ.

ಮಗಳು ನನ್ನ ಕೈಗಳ ನಡುವೆ ಒಂದಿಷ್ಟು ಹೊತ್ತು ನೋಡಿದಳು. ಆಮೇಲೆ ತಾನಾಗಿಯೇ ತಾಯಿಯ ತೊಡೆ ದಾಟಿ, ಕಾರಿನ ಸೀಟಿಗೆ ಹತ್ತಿ ಕೂತಳು. ಐದೂ ಪಟ್ಟಿ ಬಿದ್ದವು. ಕೊಂಡಿ ಕಟಕ್ಕೆಂದ ಸದ್ದು ನಾನು ಕೇಳಿದೆ. ಹೆಂಡತಿ ತನ್ನ ಬೆಲ್ಟು ಹಾಕಿಕೊಂಡಳು. ನಾನು ಕೂತು, ಒಂದೇ ಕೈಯಲ್ಲಿ ನನ್ನದನ್ನು ಹಾಕಿಕೊಂಡೆ. ಇನ್ನೊಂದು ಕೈಗೆ ಬಿಡುವಿರಲಿಲ್ಲ.

ಅದಾಗಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ವಿಮಾನ ಕೆಳಗೆ ಬಿತ್ತು. ಮುಂದಿನ ಸಾಲಿನ ಲೋಟ ಮೇಲಿನ ಹಲಗೆಗೆ ಬಡಿದು ಒಡೆಯಿತು. ಮಗಳ ಒಂದು ಚಪ್ಪಲಿ ಎದ್ದು ನನ್ನ ಮುಖದ ಮುಂದೆ ಹಾದುಹೋದದ್ದು ಕಂಡೆ. ಅವಳು ಮಾತ್ರ ಪಟ್ಟಿಯೊಳಗೆ ಕೂತ ಹಾಗೇ ಇದ್ದಳು, ತಲೆ ಸೀಟಿಗೆ ಆನಿಸಿ. ಮೂರು ಸಲ ಹಾಗಾಯಿತು. ಮೂರು ಸಲವೂ ನನ್ನ ತೊಡೆಯ ಮೇಲೆ ಏನೋ ಒತ್ತಿ ಕೂತಿತ್ತು. ನಾನು ಅದರ ಮೇಲೆ ಬಾಗಿ ಹಿಡಿದುಕೊಂಡಿದ್ದೆ. ಯಾವಾಗ ಹಗುರವಾಯಿತೋ ಗೊತ್ತಿಲ್ಲ. ದೀಪ ಆರಿದಾಗ ಕೈಯಲ್ಲಿ ಬಟ್ಟೆಯಷ್ಟೇ ಇತ್ತು. ಎರಡು ದಿನ ತೋಳು ನೋಯುತ್ತಿತ್ತು. ಹೆದರಿ ಬಿಗಿಹಿಡಿದಿದ್ದರೂ ತೋಳು ನೋಯುತ್ತದೆ. ಅದನ್ನು ನಾನು ಸಾಕ್ಷಿ ಎನ್ನುವುದಿಲ್ಲ.

ನಾಲ್ಕನೆಯ ದಿನ ಮನೆಗೆ ಫೋನ್ ಮಾಡಿದೆ. ನಮ್ಮ ಕಡೆಯದನ್ನು ನಾನು ಇನ್ನೂ ಹೇಳಿರಲಿಲ್ಲ. ತಾಯಿಯೇ ಹೇಳಿದರು. ನಾವು ಹೋದ ದಿನ ಕಲ್ಲನ್ನು ಮೆಟ್ಟಿಲ ಮೇಲೆಯೇ ಬಿಟ್ಟಿದ್ದರಂತೆ. ಅವತ್ತೇ ಆಮೇಲೆ ಒಳಗೆ ತರಲು ಹೋದರಂತೆ.

"ಹತ್ತಿ ಗಂಟಿನಂಗ ಬಂತಪಾ. ಜೋರು ಹಾಕಿ ಎತ್ತಿದೆ ನೋಡು, ಹಿಂದಕ್ಕ ಕುಂಡಿ ಮ್ಯಾಲೆ ಬಿದ್ದೆ."

ಎಷ್ಟು ಹೊತ್ತಿಗೆ ಎಂದು ಕೇಳಿದೆ. ಗಡಿಯಾರ ನೋಡಿಲ್ಲ, ಬಿಸಿಲಿತ್ತು ಎಂದರು. ಈಗ ಹೇಗಿದೆ ಎಂದು ಕೇಳಿದೆ. ಈಗ ಮೊದಲಿನ ಹಾಗೇ ಅದ, ಬೆಳಿಗ್ಗೆ ಚಟ್ನಿ ಅರೆದೆ ಎಂದರು.

ತಾಯಿ ಈಗಿಲ್ಲ. ಆ ಮುದುಕಿಯ ಊರು ಹೆಸರು ನಾವು ಕೇಳಲಿಲ್ಲ. ಆಗಲೇ ಎಪ್ಪತ್ತು ದಾಟಿದಂತಿದ್ದರು. ಹೆಂಡತಿ ಇದ್ದಾಳೆ. ಆ ಮಾತು ಅವಳು ಒಂದೇ ಸಲ ಆಡಿದ್ದಾಳೆ: ಮಗಳನ್ನು ನಂಬಿಸಲಿಕ್ಕೆ ಎತ್ತಿದೆ, ಅಷ್ಟರಲ್ಲಿ ಅದು ಎತ್ತಿಸಿಕೊಂಡಿತು ಎಂದು. ಮಗಳೂ ಇದ್ದಾಳೆ, ಚೆನ್ನಾಗಿದ್ದಾಳೆ. ಆ ಪ್ರಯಾಣ ತನಗೆ ನೆನಪೇ ಇಲ್ಲ ಅನ್ನುತ್ತಾಳೆ. ನಾನು ಒತ್ತಾಯಿಸುವುದಿಲ್ಲ. ನಾನು ತೂಕವನ್ನಷ್ಟೇ ಬಲ್ಲೆ. ನನ್ನ ಕೈಗಳ ನಡುವೆ ಇದ್ದದ್ದನ್ನು ಅಷ್ಟು ಹೊತ್ತು ನೋಡಿ, ಆಮೇಲೆ ಜಾಗ ಖಾಲಿಯಾಯಿತೆಂದು ಹತ್ತಿ ಕೂತವಳು ಅವಳು.